ರೊಟ್ಟಿ ಹೆಚ್ಚಾದ್ವು!

“ಊಟಕ್ಕ ಈ ಊರಾಗ ಎಲ್ಲಿ ಚಲೋ ಐತೋ ತಮ್ಮಾ?” ಟಾಂಗಾದ ಹಿಂದಿನ ಸೀಟಿನಿಂದ ಜರಿ ರುಮಾಲಿನ ಸಾಹುಕಾರರು ಕೇಳಿದರು.

“ಅದನ್ನ ನನಗ ಕೇಳಬ್ಯಾಡ್ರಿ, ನಮ್ಮ ಬಾನುಗ ಕೇಳ್ರಿ,” ಎಂದ ಮುರ್ತುಜಸಾಬ. ಲಗಾಮು ಹಿಡಿದ ಕೈಯಿಂದಲೇ ಪಕ್ಕದಲ್ಲಿ ಕೂತ ಮಗಳನ್ನು ತೋರಿಸಿದ. “ಬಾಗಲಕೋಟಿ ಬಜಾರದಾಗ ಆಕಿಗೆ ಗೊತ್ತಿಲ್ಲದ ಅಂಗಡಿ ಇಲ್ಲರಿ.”

ಶಹರಬಾನು ತೊಡೆಯ ಮೇಲಿನ ಸಾಲೆಯ ಪಾಟಿಯನ್ನು ಸರಿಮಾಡಿಕೊಂಡು ಹಿಂದಕ್ಕೆ ತಿರುಗಿದಳು. ಇಷ್ಟಕ್ಕಾಗಿಯೇ ಅವಳು ಸ್ಟೇಶನ್ನಿನಿಂದ ಇಲ್ಲಿಯವರೆಗೆ ಸುಮ್ಮನೆ ಕೂತಿದ್ದಳು.

“ಚಹಾ ಕುಡಿಯೂದಿದ್ರ ಆ ಹೊಸಾ ಅಂಗಡಿಗೆ ಹೋಗಬ್ಯಾಡ್ರಿ. ಎಲ್ಲಾ ಕಪ್ಪು ಒಂದ ಬಕೀಟಿನ್ಯಾಗ ಮುಳುಗಿಸಿ ತಗೀತಾನ. ಸಂಜಿ ಆಗೂದರಾಗ ಬಕೀಟಿನ ನೀರೂ ಚಹಾ ಆಗಿರತೈತಿ!”

ಸಾಹುಕಾರರು ಗಹಗಹಿಸಿ ನಕ್ಕರು. ಬಾನುಗೆ ಹುರುಪು ಬಂತು.

“ಸಂಗಯ್ಯಜ್ಜನ ಚುರಮುರಿ ಗರಿಗರಿ ಇರತಾವ. ಆದ್ರ ಅಜ್ಜ ಚುರಮುರಿ ಕೊಡೂದು ಒಂದ ಹಿಡಿ, ಮಾತು ಕೊಡೂದು ಒಂದ ಚೀಲ. ಬಳಿ ತೊಗೊಳ್ಳೂದಿದ್ರ ಅಮೀನಬಿ ಹಂತ್ಯಾಕ ಹೋಗ್ರಿ. ಕೈ ಒಟ್ಟ ನೋಯಂಗಿಲ್ಲ.”

“ನನಗ ಯಾಕವಾ ಬಳಿ? ಊಟದ್ದು ಹೇಳು. ಗುರುಸಿದ್ದವ್ವನ ಖಾನಾವಳಿ ಚಲೋ ಐತಿ ಅಂತ ಯಾರೋ ಅಂದಿದ್ರು.”

ಬಾನು ಮೂಗು ಮುರಿದಳು. “ಅಲ್ಲೆ ದಿನಾ ರೊಟ್ಟಿ ಉಳೀತಾವರಿ. ಉಳದದ್ದು ಮತ್ತ ಯಾರಿಗೆ ಬಡಸ್ತಾರ? ಮರುದಿನ ಬಂದವರಿಗೆ!”

“ಅಂದ್ರ ತಂಗಳಾ?”

“ಮತ್ತ!”

“ಛೇ, ತಂಗಳ ರೊಟ್ಟಿ ತಿನ್ನಾಕ ಇಲ್ಲೀತನಕ ರೇಲ್ವೆ ಟಿಕೀಟ ತಗಸಬೇಕೇನ? ನಮ್ಮ ಮನ್ಯಾಗ ಸಿಗತಿದ್ವಲ್ಲ!” ಎಂದರು ಸಾಹುಕಾರರು.

ಟಾಂಗಾ ಗುರುಸಿದ್ದವ್ವನ ಖಾನಾವಳಿಯನ್ನು ದಾಟಿ, ಮುಂದಿನ ಓಣಿಯ ಈರಪ್ಪನ ಖಾನಾವಳಿಯ ಎದುರು ನಿಂತಿತು.

ಇದು ನಿಮ್ಮ ಮುತ್ತಜ್ಜಿಗೆ ಇನ್ನೂ ಹಾಲುಹಲ್ಲು ಇದ್ದ ಕಾಲದ ಮಾತು. ಊರಿಗೆ ಮೋಟಾರು ಬಂದಿರಲಿಲ್ಲ. ರೈಲಿನಿಂದ ಇಳಿದವರು ಟಾಂಗಾ ಹತ್ತಿಯೇ ಊರೊಳಗೆ ಬರಬೇಕು. ಹತ್ತಿ ವ್ಯಾಪಾರಕ್ಕೆ ಬರುವವರು, ಕಚೇರಿ ಕೆಲಸಕ್ಕೆ ಬರುವವರು, ಇಳಕಲ್ಲ ಸೀರೆ ಕೊಳ್ಳಲು ಹೊರಟವರು, ಕೂಡಲಸಂಗಮಕ್ಕೆ ಹೋಗುವ ಭಕ್ತರು, ಎಲ್ಲರೂ ಮೊದಲು ಕೇಳುವುದು ಊಟದ ಮಾತನ್ನೇ. ಬಾನುಳ ಸಾಲೆ ಮುಂಜಾನೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ. ನಡುವೆ ಸಿಗುವ ಬಿಡುವಿನಲ್ಲಿ ಅವಳು ಅಪ್ಪನ ಟಾಂಗಾದಲ್ಲಿ ಹಾಜರು.

ಗುರುಸಿದ್ದವ್ವನ ಖಾನಾವಳಿಯ ಎದುರಿಗೆ ಒಂದು ಬೇವಿನಮರ. ಅದರ ಕೆಳಗೆ ಕಲ್ಲಿನ ದೋಣಿ. ಮುರ್ತುಜಸಾಬ ಅಲ್ಲಿ ಕುದುರೆಗೆ ನೀರು ಕುಡಿಸುವ ಹೊತ್ತಿಗೆ, ಒಳಗಿನಿಂದ ದಿನಾ ಒಂದು ದೊಡ್ಡ ದನಿ ಬರುತ್ತಿತ್ತು.

“ರೊಟ್ಟಿ ಹೆಚ್ಚಾದ್ವೂ!”

ಗುರುಸಿದ್ದವ್ವನ ದನಿ. ಬಾನು ಲೆಕ್ಕ ಹಾಕಿದ್ದಳು. ದಿನಾ ಹೆಚ್ಚಾಗುತ್ತವೆ ಅಂದರೆ ದಿನಾ ಉಳಿಯುತ್ತವೆ. ದಿನಾ ಉಳಿಯುತ್ತವೆ ಅಂದರೆ ಯಾರೂ ತಿನ್ನುತ್ತಿಲ್ಲ. ಈರಪ್ಪನ ಖಾನಾವಳಿಯಲ್ಲಿ ಹೀಗೆ ಕೂಗಿದ್ದನ್ನು ಅವಳು ಒಂದು ದಿನವೂ ಕೇಳಿರಲಿಲ್ಲ. ಹಾಗಾದರೆ ಅವನದೇ ಚಲೋ. ಇದಕ್ಕಿಂತ ಹೆಚ್ಚಿಗೆ ಅವಳು ಏನನ್ನೂ ನೋಡಿರಲಿಲ್ಲ, ಕೇಳಿರಲಿಲ್ಲ.

ಬಾನು ಹೇಳಿದ್ದನ್ನು ಮುರ್ತುಜಸಾಬ ಬೇರೆ ಸವಾರಿಗಳಿಗೆ ಹೇಳಿದ. ಅವನು ಹೇಳಿದ್ದನ್ನು ಕೇಳಿ ದುರಗಪ್ಪ ತನ್ನ ಟಾಂಗಾದಲ್ಲಿ ಹೇಳಿದ. ದುರಗಪ್ಪನ ಕಿವಿಗೆ ಬಿದ್ದ ಮಾತು ಸ್ಟೇಶನ್ನಿನ ಎಲ್ಲ ಟಾಂಗಾಗಳನ್ನೂ ಹತ್ತಿ ಇಳಿಯುತ್ತಿತ್ತು.

ಹತ್ತಿಯ ಸುಗ್ಗಿ ಶುರುವಾಯಿತು. ರೈಲು ತುಂಬಿ ಜನ ಬಂದರು. ಆದರೆ ಗುರುಸಿದ್ದವ್ವನ ಬಾಗಿಲ ಮುಂದೆ ಚಪ್ಪಲಿಗಳ ಗುಂಪು ಕಾಣಲಿಲ್ಲ. ಕುದುರೆ ನೀರು ಕುಡಿದು ಮುಗಿಸಿದರೂ ಒಳಗಿನ ದನಿ ಕೇಳಲಿಲ್ಲ.

ಒಂದು ಮಧ್ಯಾಹ್ನ ಮುರ್ತುಜಸಾಬ ಕುದುರೆಯ ಲಾಳ ನೋಡಿಸಲು ಹೋಗಿದ್ದ. ಬಾನು ಬೇವಿನಮರದ ಕೆಳಗೆ ಒಬ್ಬಳೇ ನಿಂತಿದ್ದಳು.

“ಏ ಹುಡುಗಿ, ಉಂಡೀಯೇನ?” ಗುರುಸಿದ್ದವ್ವ ಬಾಗಿಲಲ್ಲಿ ನಿಂತು ಕೇಳಿದಳು. ಸೀರೆಯ ಸೆರಗಿಗೆ ಜೋಳದ ಹಿಟ್ಟು ಹತ್ತಿತ್ತು.

“ಇನ್ನೂ ಇಲ್ಲರಿ ಕಾಕು.”

“ಹಂಗಾರ ಬಾ. ಕಟ್ಟಿ ಮ್ಯಾಲೆ ಕುಂದರು.”

ಗಂಗಾಳದಲ್ಲಿ ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು. ರೊಟ್ಟಿ ಮುಟ್ಟಿದೊಡನೆ ಬಾನು ಕೈ ಹಿಂದಕ್ಕೆ ಎಳೆದುಕೊಂಡಳು.

“ಬಿಸಿ ಅದಾವಲ್ಲ!”

“ಮತ್ತ? ರೊಟ್ಟಿ ಬಿಸಿ ಇರಲಾರದ ತಣ್ಣಗ ಇರತಾವೇನ? ಬಡಿಯೂದು, ಬೇಯಿಸೂದು, ಬಡಸೂದು. ನಾ ಅದನ್ನ ಬಿಟ್ರ ಬ್ಯಾರೆ ಕಲತಿಲ್ಲ.” ಗುರುಸಿದ್ದವ್ವ ಕಂಬಕ್ಕೆ ಒರಗಿ ಕೂತಳು. “ತಿನ್ನು, ಸಂಕೋಚ ಮಾಡಬ್ಯಾಡ. ಬುಟ್ಟಿ ತುಂಬ ಉಳದಾವ. ಈಗೀಗ ದಿನಾ ಹಿಂಗ ಉಳಿಯಾಕ ಹತ್ಯಾವ. ಯಾರ ಕಣ್ಣು ಬಿತ್ತೋ ಏನೋ. ಇನ್ನೊಂದಿಷ್ಟ ದಿನ ನೋಡತೇನಿ. ಇಲ್ಲಂದ್ರ ಒಲಿ ಆರಿಸಿ ಕೆರೂರಿಗೆ ನಮ್ಮಣ್ಣನ ಮನಿಗೆ ಹೋಗೂದ.”

ಬಾನು ಬಾಯಲ್ಲಿದ್ದ ತುತ್ತನ್ನು ನುಂಗಿದಳು. ಇಂಥ ತೆಳ್ಳನೆಯ ರೊಟ್ಟಿ ಅವಳು ಎಲ್ಲಿಯೂ ತಿಂದಿರಲಿಲ್ಲ.

“ಮೊದಲೂ ದಿನಾ ಉಳೀತಿದ್ವಲ್ಲರಿ ಕಾಕು?”

“ಮೊದಲಾ? ಒಂದ ಚೂರು ಉಳೀತಿರಲಿಲ್ಲ! ಕಡೀಕ ಬಂದವರು ಬರೇ ಅನ್ನ ಉಂಡು ಹೋಗತಿದ್ರು.”

“ನೀವ ಒದರತಿದ್ರೆಲ್ಲ... ರೊಟ್ಟಿ ಹೆಚ್ಚಾದ್ವು ಅಂತ.”

ಗುರುಸಿದ್ದವ್ವ ಅವಳ ಮುಖ ನೋಡಿದಳು. ಆಮೇಲೆ ನಗತೊಡಗಿದಳು.

“ಅಯ್ಯ ನನ ಹುಚ್ಚವ್ವ! ತೀರಿದ್ವು ಅನ್ನೂದಕ್ಕ ಹಂಗ ಅಂತೇವಿ. ಉಣ್ಣಾಕ ಕುಂತವರ ಮುಂದ ‘ರೊಟ್ಟಿ ಇಲ್ಲ, ಮುಗದ್ವು’ ಅಂತ ಬಾಯಿ ತಗದು ಹೆಂಗ ಅನ್ನೂದು? ಡಬ್ಬ್ಯಾಗಿನ ಉಪ್ಪು ತೀರಿದ್ರೂ ಹೆಚ್ಚಾತು ಅಂತೇವಿ. ಕೈಯಾಗಿನ ಬಳಿ ಒಡದ್ರೂ ಹೆಚ್ಚಾತು ಅಂತೇವಿ. ನಿಮ್ಮ ಮನ್ಯಾಗ ಏನಂತಾರ?”

“ಖತಂ,” ಎಂದಳು ಬಾನು ಮೆಲ್ಲಗೆ.

ಸಾಲೆಯಲ್ಲಿ ಜೊತೆಗೆ ಓದುವ ನೀಲಾಬಾಯಿ ಅಳುತ್ತ ‘ನನ್ನ ಬಳಿ ಹೆಚ್ಚಾತು’ ಅಂದದ್ದು ಅವಳಿಗೆ ಈಗ ನೆನಪಾಯಿತು. ಬಳೆ ಹೆಚ್ಚಾದರೆ ಖುಷಿಪಡುವುದು ಬಿಟ್ಟು ಇವಳು ಅಳುವುದೇಕೆ ಎಂದು ಬಾನುಗೆ ಆಗ ತಿಳಿದೇ ಇರಲಿಲ್ಲ.

“ಯಾಕ, ತುತ್ತು ಗಂಟಲಾಗ ಸಿಕ್ಕತೇನ? ನೀರು ಕುಡಿ,” ಎಂದಳು ಗುರುಸಿದ್ದವ್ವ.

ಬಾನು ನೀರು ಕುಡಿದಳು. ತುತ್ತು ಇಳಿಯಿತು. ಉಳಿದದ್ದನ್ನು ಬೇಗ ಬೇಗ ತಿಂದು ಕಟ್ಟೆ ಇಳಿದಳು.

ಸ್ಟೇಶನ್ನಿನ ದಾರಿಯಲ್ಲಿ ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಅಪ್ಪನ ಮುಖ ನೋಡದೆ, ಕುದುರೆಯ ಕಿವಿಗಳನ್ನೇ ನೋಡುತ್ತ ಹೇಳಿದಳು.

ಮುರ್ತುಜಸಾಬ ಮಗಳ ಕಡೆ ತಿರುಗಿದ.

“ನೀ ಒಳಗ ಹೋಗಿ ನೋಡಿದ್ದೇನ?”

“ಇಲ್ಲ ಅಬ್ಬಾ.”

“ಒಂದ ದಿನರ ಅಲ್ಲೆ ಉಂಡಿದ್ದೇನ?”

“ಇಲ್ಲ.”

“ನಾನೂ ನಿನಗ ಕೇಳಲಿಲ್ಲ ನೋಡು,” ಎಂದು ಅವನು ಲಗಾಮು ಜಗ್ಗಿದ. “ಊರ ತುಂಬ ಹೇಳಿಕೋತ ಅಡ್ಡ್ಯಾಡಿದೆ.”

ಸ್ಟೇಶನ್ನಿನ ಹೊರಗೆ ಟಾಂಗಾಗಳು ಸಾಲಾಗಿ ನಿಂತಿದ್ದವು. ಬಾನು ಕೆಳಗೆ ಜಿಗಿದು ನೇರ ದುರಗಪ್ಪನ ಹತ್ತಿರ ಹೋದಳು.

“ದುರಗಪ್ಪ ಕಾಕಾ, ಗುರುಸಿದ್ದವ್ವ ಕಾಕು ರೊಟ್ಟಿ ಬಿಸೀನ ಇರತಾವ. ತಂಗಳ ಅಲ್ಲ.”

ದುರಗಪ್ಪ ಬಾಯಲ್ಲಿನ ಎಲೆಯಡಿಕೆ ಉಗುಳಿ, ಅವಳ ಮುಖವನ್ನು ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ನೋಡಿದ.

“ಹೌದಲ್ಲ! ಗಲ್ಲಕ್ಕ ಶೇಂಗಾ ಹಿಂಡಿ ಹತ್ತೈತಿ! ನೋಡ್ರಲೇ, ನಮ್ಮ ಬಾನುಗ ಗುರುಸಿದ್ದವ್ವ ಉಣಿಸಿ ಕಳಿಸ್ಯಾಳ!”

ಟಾಂಗಾದವರೆಲ್ಲ ಹೋ ಎಂದು ನಕ್ಕರು. ಬಾನು ಗಲ್ಲ ಒರಸಿಕೊಂಡು ಬಂದು ತನ್ನ ಜಾಗದಲ್ಲಿ ಕೂತಳು. ನಿಜ ಹೇಳಿದರೂ ಸುಳ್ಳಿನ ಹಾಗೆ ಕೇಳಿಸಿತಲ್ಲ ಎಂದು ಅವಳಿಗೆ ಅಳು ಬಂದಿತ್ತು.

ರೈಲು ಬಂತು. ಇಳಿದವರಲ್ಲಿ ಜರಿ ರುಮಾಲಿನ ಅದೇ ಸಾಹುಕಾರರು ಇದ್ದರು. ಬಾನುಳನ್ನು ಕಂಡು ಅವರೇ ಬಂದು ಟಾಂಗಾ ಹತ್ತಿದರು.

“ಏನವಾ, ಇವತ್ತ ಎಲ್ಲಿಗೆ ಕರಕೊಂಡು ಹೊಕ್ಕೀ? ಈರಪ್ಪನ ರೊಟ್ಟಿ ಹಲ್ಲಿಗೆ ಭಾಳ ಕೆಲಸಾ ಕೊಟ್ಟು ಬಿಟ್ವು!”

“ಗುರುಸಿದ್ದವ್ವನ ಖಾನಾವಳಿಗೆ ಹೋಗ್ರಿ,” ಎಂದಳು ಬಾನು.

“ತಂಗಳ ಅಂದಿದ್ದೆಲ್ಲ?”

“ಅಲ್ಲರಿ. ಬಿಸಿ ಇರತಾವ.”

“ಆವತ್ತ ತಂಗಳ ಅಂದಿ, ಇವತ್ತ ಬಿಸಿ ಅಂತಿ. ಖರೆ ಯಾವುದು?”

ಬಾನು ಅಪ್ಪನ ಕಡೆ ನೋಡಿದಳು. ಅಪ್ಪ ರಸ್ತೆ ನೋಡುತ್ತಿದ್ದ. ಕಾರಣ ಹೇಳದಿದ್ದರೆ ಸಾಹುಕಾರರು ನಂಬುವುದಿಲ್ಲ. ಹೇಳಿದರೆ ನಗುತ್ತಾರೆ. ನಕ್ಕು ಸುಮ್ಮನಿರುವುದಿಲ್ಲ, ಇನ್ನೊಬ್ಬರಿಗೂ ಹೇಳುತ್ತಾರೆ. ಅದು ದುರಗಪ್ಪನ ಕಿವಿಗೆ ಬಿದ್ದರೆ ಮುಗಿಯಿತು.

ಪಾಟಿಯ ಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳು ಹೇಳಿದಳು. “ಅವರು ರೊಟ್ಟಿ ಹೆಚ್ಚಾದ್ವು ಅಂತ ಒದರತಿದ್ರರಿ. ನಾ... ಖರೇನ ಹೆಚ್ಚಾಗ್ಯಾವ ಅಂತ ತಿಳಕೊಂಡಿದ್ದೆ.”

ಸಾಹುಕಾರರಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಅವರು ನಕ್ಕ ರಭಸಕ್ಕೆ ಟಾಂಗಾವೇ ಅಲ್ಲಾಡಿತು. ರುಮಾಲು ಜಾರಿ ಕಿವಿಯ ಮೇಲೆ ಬಂತು. ಕಣ್ಣೊರಸಿಕೊಂಡು, ರುಮಾಲು ಸರಿಮಾಡಿಕೊಂಡು, ಮತ್ತೆ ನಕ್ಕರು.

“ಹೊಡಿಯೋ ತಮ್ಮಾ, ಲಗೂನ ಹೊಡಿ! ಹೆಚ್ಚಾಗೂದರಾಗ ಹೋಗಿ ಮುಟ್ಟೂಣು!”

ಸಂಜೆಯೊಳಗೆ ದುರಗಪ್ಪನಿಗೆ ಸುದ್ದಿ ಮುಟ್ಟಿತು. ತಂಗಳ ರೊಟ್ಟಿಯ ಮಾತು ಎಷ್ಟು ಓಡಿತ್ತೋ, ಈ ಮಾತು ಅದಕ್ಕಿಂತ ಜೋರು ಓಡಿತು. ಸವಾರಿ ಹತ್ತಿದವರಿಗೆಲ್ಲ ಟಾಂಗಾದವರು ಬಾನುಳ ಕತೆ ಹೇಳಿ ನಗಿಸಿದರು. ನಕ್ಕವರಿಗೆ ಆ ಖಾನಾವಳಿಯ ರೊಟ್ಟಿ ತಿನ್ನುವ ಆಸೆಯಾಯಿತು.

ಸಾಲೆಯಲ್ಲಿಯೂ ಬಿಡಲಿಲ್ಲ. ನೀಲಾಬಾಯಿ ತನ್ನ ಗಿಡ್ಡ ಬಳಪ ತೋರಿಸಿ, “ಬಾನು, ನನ್ನ ಬಳಪ ಹೆಚ್ಚಾತ! ನಿನಗೊಂದು ಬೇಕೇನ?” ಎಂದಳು. ಸಾಲು ಸಾಲು ಹುಡುಗಿಯರು ನಕ್ಕರು. ಬಾನುಳ ಕಿವಿ ಬಿಸಿಯಾದವು. ಆದರೂ ಮಧ್ಯಾಹ್ನ ಟಾಂಗಾದಲ್ಲಿ ಯಾರಾದರೂ “ನೀನೇನ ಆ ಹುಡುಗಿ?” ಎಂದು ಕೇಳಿದರೆ, “ಹೌದರಿ, ನಾನ,” ಎಂದು ಮೊದಲಿನಿಂದ ಎಲ್ಲ ಹೇಳುತ್ತಿದ್ದಳು.

ಬೇವಿನಮರದ ಕೆಳಗೆ ನಿಂತಾಗ ಮಾತ್ರ ಅವಳು ತಲೆ ಎತ್ತುತ್ತಿರಲಿಲ್ಲ. ಗುರುಸಿದ್ದವ್ವನಿಗೆ ಗೊತ್ತಾಗಿದೆಯೋ ಇಲ್ಲವೋ? ಉಣ್ಣಲು ಬಂದವರು ಹೇಳದೆ ಇದ್ದಾರೆಯೇ?

ಒಂದು ದಿನ ಗುರುಸಿದ್ದವ್ವ ಹೊರಗೆ ಬಂದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

“ಏನವಾ ಬಾನು, ತಂಗಳ ರೊಟ್ಟಿ ತಿಂತೀಯೇನ?”

ಒಳಗೆ ಉಣ್ಣುತ್ತಿದ್ದವರು ನಕ್ಕರು. ಬಾನುಳ ಕಣ್ಣು ತುಂಬಿದವು.

“ಕಾಕು, ನಾ...”

“ಗೊತ್ತೈತಿ, ಗೊತ್ತೈತಿ. ಊರ ಮಂದಿ ಎಲ್ಲಾ ಹೇಳಿ ಮುಗಿಸ್ಯಾರ. ಕಟ್ಟಿ ಮ್ಯಾಲೆ ನಿನ್ನ ಗಂಗಾಳ ಮುಚ್ಚಿಟ್ಟೇನಿ. ಬಿಸಿ ಆರೂದರಾಗ ತಿನ್ನು. ನನಗ ಒಳಗ ಕೈತುಂಬ ಕೆಲಸ ಐತಿ.”

ಅಷ್ಟೇ ಹೇಳಿ ಅವಳು ಒಳಗೆ ಹೋದಳು. ಬಾಗಿಲ ಮುಂದೆ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಬಾನು ಅವನ್ನು ದಾಟಿ ಕಟ್ಟೆ ಹತ್ತಿದಳು. ಅವತ್ತು ರೈಲು ತಡವಾಗಿ ಬಂದಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಗಂಗಾಳದ ಮೇಲಿನ ಬಟ್ಟೆಗೆ ಕೈ ಹಾಕಿದಳು.

ಆಗ ಒಳಗಿನಿಂದ ಆ ದನಿ ಬಂತು. ಎಷ್ಟೋ ದಿನಗಳ ಮೇಲೆ, ಮೊದಲಿನಷ್ಟೇ ದೊಡ್ಡದಾಗಿ.

“ರೊಟ್ಟಿ ಹೆಚ್ಚಾದ್ವೂ!”

ಬಾನುಳ ಕೈ ಅಲ್ಲೇ ನಿಂತಿತು.

ಅಷ್ಟರಲ್ಲಿ ಒಬ್ಬ ಅತ್ತರಿನ ವ್ಯಾಪಾರಿ ಪೆಟ್ಟಿಗೆ ಹೊತ್ತುಕೊಂಡು ಏದುಸಿರು ಬಿಡುತ್ತ ಬಂದ. ಹೈದರಾಬಾದಿನ ಕಡೆಯವನು. ಕನ್ನಡ ಅರ್ಧಮರ್ಧ. ಕೂಗು ಕೇಳಿ ಅವನ ಮುಖ ಅರಳಿತು.

“ಹೆಚ್ಚು ಐತಿ? ಭಾಳ ಅಚ್ಛಾ ಆಯ್ತು! ಹಂಗಾದರೆ ನನಗೆ ಎರಡು ಕೊಡು ಅಮ್ಮಾ!”

ಪೆಟ್ಟಿಗೆ ಇಳಿಸಿ, ಕೈ ತೊಳೆದುಕೊಂಡು ಬಂದು, ಅವನು ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ. ಒಳಗೆ ನಗೆಯೋ ನಗೆ. ಬೇವಿನಮರದ ಕೆಳಗಿನಿಂದ ದುರಗಪ್ಪ ಕೂಗಿದ. “ಬಾನೂ, ನಿನ್ನ ಸಾಲಿಗೆ ಇನ್ನೊಬ್ರು ಹೆಸರು ಹಚ್ಚಿದ್ರು ನೋಡ!”

ವ್ಯಾಪಾರಿ ಎಲ್ಲರ ಮುಖ ನೋಡಿದ. ಏನು ತಪ್ಪಾಯಿತು ಎಂದು ಅವನಿಗೆ ತಿಳಿಯಲಿಲ್ಲ. ಒದ್ದೆ ಕೈಯನ್ನು ಹಾಗೆಯೇ ಹಿಡಿದುಕೊಂಡು ಕೂತಿದ್ದ.

“ಯಾಕೆ ಬೇಟಿ, ರೊಟ್ಟಿ ಇಲ್ಲವಾ?” ಎಂದು ಬಾನುಳನ್ನು ಕೇಳಿದ.

ಬಾನು ನಗಲಿಲ್ಲ.

“ಅದಾವರಿ,” ಎಂದಳು.

ಮುಚ್ಚಿದ್ದ ಗಂಗಾಳವನ್ನು ಅವನ ಮುಂದೆ ಸರಿಸಿ, ಬಟ್ಟೆ ತೆಗೆದಳು. ರೊಟ್ಟಿಯಿಂದ ಇನ್ನೂ ಹಬೆ ಏಳುತ್ತಿತ್ತು.