ಪ್ರಾಂಪ್ಟರಮ್ಮನ ತಪ್ಪು

ಮೂರು ದಿನದಿಂದ ಅದೇ ರಾಗ, ಅದೇ ಹಾಡು.

"ನಾನು ಬರೆದಿದ್ದು 'ಹೋಗ್ತೀನಿ' ಅಂತ ಕಣ್ರೀ," ಎಂದು ಬರಹಗಾರ ಮತ್ತೆ ಶುರು ಮಾಡಿದ. ಟೀವಿ ಕೇಂದ್ರದ ಎಡಿಟರ್ ಆದ ಅವಳು ಹೆಡ್‌ಫೋನ್ ತೆಗೆದು ಎಡಿಟಿಂಗ್ ಮೇಜಿನ ಮೇಲೆ ಕುಕ್ಕಿದಳು.

ಮೂವತ್ತು ವರ್ಷದ ಹಿಂದೆ ಟೀವಿಗೆಂದೇ ತೆಗೆದ ಚಿತ್ರ ಅದು. ಪ್ರಸಾರವಾದ ಮಧ್ಯಾಹ್ನ ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಈಗಲೂ ಮತ್ತೆ ತೋರಿಸಿ ಎಂದು ರಾಶಿ ಪತ್ರ. ಆದರೆ ಹಳೆಯ ಟೇಪಿನ ಕೊನೆಯಲ್ಲಿ ಧ್ವನಿ ಅಳಿಸಿಹೋಗಿತ್ತು. ಬಾಗಿಲಲ್ಲಿ ನಿಂತ ನಾಯಕ ನಾಯಕಿಗೆ ಹೇಳುವ ಒಂದೇ ಒಂದು ಮಾತು. ನಟ ತೀರಿಕೊಂಡಿದ್ದ. ಬರಹಗಾರನ ಗಂಟಲು ಅವನದನ್ನೇ ಹೋಲುತ್ತದೆ, ಡಬ್ಬಿಂಗಿಗೆ ಕರೆಸೋಣ ಎಂದು ಮೇಲಧಿಕಾರಿಗೆ ಹೇಳಿದವಳು ಅವಳೇ. ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗಾಗಿತ್ತು.

ಆಗ ಅವಳು ಸೋಫಾದ ಹಿಂದೆ ಕೂತು ಮಾತು ಹೇಳಿಕೊಡುವ ಪ್ರಾಂಪ್ಟರಮ್ಮ. ನಟ ತಡವರಿಸಿದಾಗ ಅವಳ ಬಾಯಿಂದ "ಬರ್ತೀನಿ" ಎಂದೇ ಹೊರಟಿತ್ತು. ಮನೆಯಿಂದ ಹೊರಡುವವರು ಯಾರಾದರೂ 'ಹೋಗ್ತೀನಿ' ಅನ್ನುತ್ತಾರೆಯೇ? ಅವನೂ ಹಾಗೇ ಅಂದುಬಿಟ್ಟ. ಇನ್ನೊಂದು ಟೇಕಿಗೆ ಸಮಯವಿರಲಿಲ್ಲ. ನಾಯಕ ಮತ್ತೆ ಬರುವುದಿಲ್ಲ ಎನ್ನುವುದೇ ಕಥೆ, ಅದನ್ನೇ ಕೊಂದಿರಿ ಎಂದು ಬರಹಗಾರ ಕೂಗಾಡಿದ್ದ. ಆಮೇಲೆ ಅವಳಿಗೇ "ಹೋಗ್ತೀನಿ" ಎಂದು ಹೇಳಿ ಬೇರೆ ಊರಿನ ಕೆಲಸಕ್ಕೆ ಹೋಗಿದ್ದ. ಅಷ್ಟೆಲ್ಲ ಬರೆಯುವವನಿಗೆ ಅವಳ ಮುಖ ಓದಲು ಬಂದಿರಲಿಲ್ಲ.

ಈಗ ಅವನು ಕನ್ನಡಕ ಹಣೆಯ ಮೇಲಿಟ್ಟುಕೊಂಡು ಅದಕ್ಕಾಗಿಯೇ ಮೇಜಿನ ಮೇಲೆಲ್ಲ ತಡಕುತ್ತಿದ್ದ. ಅವಳು ಅದನ್ನು ಕೆಳಗೆಳೆದು ಮೂಗಿನ ಮೇಲೆ ಕೂರಿಸಿದಳು. ಅವನ ದೃಷ್ಟಿ ಅವಳ ನರೆತ ಮುಂಗುರುಳಿನಲ್ಲಿ ಸಿಕ್ಕಿಕೊಂಡಿತು. ಅವಳಿಗೆ ರೇಗಿತು, ಹೆಚ್ಚಾಗಿ ತನ್ನ ಮೇಲೆಯೇ.

"ಪತ್ರ ಓದಿ," ಎಂದು ರಾಶಿಯನ್ನು ಅವನತ್ತ ತಳ್ಳಿದಳು.

ಓದಿದ. ಒಬ್ಬೊಬ್ಬರಿಗೂ ಆ 'ಬರ್ತೀನಿ'ಯೇ ನೆನಪಿತ್ತು. ನಾಯಕ ಆಮೇಲೆ ಬಂದನಾ ಎಂದೇ ಎಲ್ಲರೂ ಕೇಳಿದ್ದರು.

"ಇವರೆಲ್ಲ ಇನ್ನೂ ಕಾಯ್ತಿದಾರೆ," ಎಂದ ಮೆಲ್ಲಗೆ. "ನೀವು?"

"ಹೋಗ್ತೀನಿ ಅಂದವರನ್ನ ಯಾರ್ರೀ ಕಾಯ್ತಾರೆ?" ಎಂದಳು. ಪತ್ರದ ರಾಶಿಯನ್ನು ಸುಮ್ಮನೆ ಮತ್ತೆ ಜೋಡಿಸತೊಡಗಿದಳು.

ಅವನು ಗಾಜಿನಾಚೆಯ ಮೈಕಿನ ಮುಂದೆ ಹೋಗಿ ನಿಂತ. ಕೆಂಪು ದೀಪ ಹೊತ್ತಿತು. ಸ್ಕ್ರಿಪ್ಟ್ ಮಡಚಿ ಅವಳನ್ನೇ ನೋಡಿದ. ಅವಳು ತುಟಿ ಬಿಗಿಹಿಡಿದಳು. ಈ ಸಲ ಹೇಳಿಕೊಡುವುದಿಲ್ಲ.

"ಬರ್ತೀನಿ," ಎಂದ.

ಅವಳು ಗುಂಡಿ ಒತ್ತಿ ಒಳಗಿನ ಸ್ಪೀಕರಿನಲ್ಲಿ ಗದರಿದಳು. "ಮೂವತ್ತು ವರ್ಷ ಆಯ್ತು. ಬರ್ತೀನಿ ಅಂದ್ರೆ ಸಾಲ್ದು, ಬನ್ನಿ."