ಅವನ ಪರ್ಸಿನಲ್ಲಿದ್ದ ಕಾಂಡೋಮ್

ಅವನು ಪರ್ಸಿನಿಂದ ಕಾಂಡೋಮ್ ತೆಗೆದು ದಿಂಬಿನ ಪಕ್ಕ ಇಟ್ಟ.

ಅವಳು ಮಂಚದಿಂದ ಎದ್ದುಬಿಟ್ಟಳು.

"ಇದ್ಯಾಕೆ?"

"ಇರಲಿ ಅಂತ."

ಎರಡು ವರ್ಷದಲ್ಲಿ ಅವನು ಅದನ್ನು ತಂದವನಲ್ಲ, ಅವಳೂ ಕೇಳಿದವಳಲ್ಲ. ಮೈ ಮಾರಿ ಬದುಕುವ ಹೆಂಗಸು ಅವಳು. ಗಿರಾಕಿ ಎಷ್ಟೇ ಗೋಗರೆದರೂ ಕಾಂಡೋಮ್ ಇಲ್ಲದೆ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಈ ವೆಲ್ಡಿಂಗ್ ಕೆಲಸದವನಿಗೆ ಮಾತ್ರ ಆ ನಿಯಮವಿರಲಿಲ್ಲ. ಅದಿಲ್ಲದಿರುವುದೇ ತಮ್ಮ ಮದುವೆ ಎಂದುಕೊಂಡಿದ್ದಳು.

ಇನ್ನೊಬ್ಬಳಿದ್ದಾಳೆ... ಅವನ ಅಂಗಿಯನ್ನು ಅವನ ಮೇಲೇ ಎಸೆದು ಹೊರಗೆ ಕಳಿಸಿದಳು.

ಮರುದಿನ ತನ್ನಂಥ ಹೆಂಗಸರ ಸಂಘದ ಕೋಣೆಯಲ್ಲಿ ಅವಳ ಪಾಠವಿತ್ತು. ಮರದ ತುಂಡೊಂದನ್ನು ಹಿಡಿದು, ಕಾಂಡೋಮ್ ಹೇಗೆ ತೊಡಿಸಬೇಕು, ಎಚ್‌ಐವಿ ಹೇಗೆ ಹರಡುತ್ತದೆ ಎಂದು ಹೆಂಗಸರಿಗೆ ಹೇಳಿಕೊಡುವವಳು ಅವಳೇ. ಬಾಯಿ ಪಾಠ ಒಪ್ಪಿಸುತ್ತಿತ್ತು, ಕಣ್ಣು ಚಾಪೆಯ ಮೇಲಿನ ಒಂದೊಂದೇ ಮುಖವನ್ನು ಅಳೆಯುತ್ತಿತ್ತು. ಇವಳಾ? ಆ ಗುಂಗುರು ಕೂದಲಿನವಳಾ?

"ಟೀಚರಮ್ಮ, ಆ ಮರದ ತುಂಡು ನಿಂಗೇನ್ ಮಾಡ್ತು? ಕತ್ತು ಹಿಸುಕ್ತಿದ್ದೀಯಲ್ಲ," ಎಂದಳು ಮೂಲೆಯ ಅಜ್ಜಿ. ಎಲ್ಲರೂ ನಕ್ಕರು.

ಅವಳು ಪಾಠ ಅರ್ಧಕ್ಕೇ ಬಿಟ್ಟು ವೆಲ್ಡಿಂಗ್ ಅಂಗಡಿಗೆ ಹೋದಳು.

ಕೇಳುವ ಮೊದಲೇ ಅವನು ಒಪ್ಪಿಕೊಂಡ. ಕಳೆದ ತಿಂಗಳು ಅವಳು ಗಿರಾಕಿಯೊಬ್ಬನ ಕಾರಿನಲ್ಲಿ ನಗುತ್ತಾ ಕೂತು ಪರ ಊರಿಗೆ ಹೋಗಿದ್ದನ್ನು ಅವನು ನೋಡಿದ್ದ. ಆ ಉರಿಯಲ್ಲಿ ಯಾರ ಬಳಿಗೋ ಹೋಗಿದ್ದ, ಕಾಂಡೋಮ್ ಇಲ್ಲದೆ. ರಕ್ತ ಪರೀಕ್ಷೆಯಲ್ಲಿ ಸದ್ಯಕ್ಕೆ ಏನೂ ಕಂಡಿಲ್ಲ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಬರಲು ಹೇಳಿದ್ದಾರೆ. ಅಂದಿನಿಂದ ಅವಳನ್ನು ಮುಟ್ಟಿರಲಿಲ್ಲ. ಕೆಲಸದ ಒತ್ತಡವೆಂದು ಅವಳು ತಿಳಿದಿದ್ದಳು.

"ನನ್ನ ನಗು ಕೂಲಿ ಕಣೋ," ಎಂದಳು. "ನಿಂದೇನು?"

"ಹೊಟ್ಟೆಕಿಚ್ಚು."

"ಹೇಗಿದ್ಲು?"

"ಮುಖ ನೋಡ್ಲಿಲ್ಲ."

"ಸುಳ್ಳು."

"ಹೂಂ, ಸುಳ್ಳು. ಚೆನ್ನಾಗಿದ್ಲು."

ಕಪಾಳಕ್ಕೆ ಬಿಡಬೇಕೆನಿಸಿತು. ಆದರೆ ಇವನು ಬಾಯಿ ಮುಚ್ಚಿಕೊಂಡಿದ್ದರೆ ತನಗೆ ಗೊತ್ತೇ ಆಗುತ್ತಿರಲಿಲ್ಲ... ಕಾಯಿಲೆಗೆ ಗಿರಾಕಿ, ಗಂಡ ಎಂಬ ಭೇದವಿಲ್ಲ ಅಂತ ದಿನವೂ ಊರಿಗೆಲ್ಲ ಹೇಳುವವಳು, ಎರಡು ವರ್ಷ ಆ ಮಾತನ್ನು ತಾನೇ ಕೇಳಿಸಿಕೊಂಡಿರಲಿಲ್ಲ.

ಅವನ ಪರ್ಸು ಕಿತ್ತುಕೊಂಡು, ರಾತ್ರಿ ಅವನು ವಾಪಸ್ ತುರುಕಿಕೊಂಡಿದ್ದ, ಬೆವರಿಗೆ ಮುದುಡಿದ್ದ ಆ ಪೊಟ್ಟಣವನ್ನು ಕಸಕ್ಕೆ ಎಸೆದಳು.

"ಪರ್ಸಲ್ಲಿಟ್ಟು ಮೇಲೆ ಕೂತ್ಕೊಂಡ್ರೆ ಹರಿಯುತ್ತೆ. ದಿನಾ ಬಾಯಿ ಬಡ್ಕೋತೀನಿ ನಾನು."

ತನ್ನ ಚೀಲದಿಂದ ಹೊಸದು ತೆಗೆದು ಅವನ ಮಸಿ ಹತ್ತಿದ ಅಂಗೈಯಲ್ಲಿಟ್ಟಳು.

"ಗಿರಾಕಿಗಳಿಗೂ ಇದೇನಾ?" ಅವನ ದನಿಯಲ್ಲಿ ಮತ್ತೆ ಅದೇ ಉರಿ.

"ಇದೇ. ಮೂರು ತಿಂಗಳಾದ್ಮೇಲೂ ಇದೇ. ಆದ್ರೆ ಪರೀಕ್ಷೆಗೆ ಅವರ ಜೊತೆ ಹೋಗಿ ಕೂರಲ್ಲ. ನಾಳೆ ಬೆಳಿಗ್ಗೆ ಬಾ, ನಂದೂ ಮಾಡಿಸ್ಬೇಕು."

ಅವನು ತಲೆಯಾಡಿಸಿದ. ಅವಳು ಬಾಗಿಲವರೆಗೆ ಹೋಗಿ ನಿಂತಳು.

"ನನಗಿಂತ ಚೆನ್ನಾಗಿದ್ಲಾ?"

"ಒಂದು ಸಲಾನೂ ಬೈಲಿಲ್ಲ ಅವಳು."

"ಮತ್ತೆ?"

"ಅದಕ್ಕೇ ವಾಪಸ್ ಬಂದೆ."