ವರ್ಷದ ಕಾರ್ಡು

"ಆ ರಸ್ತೆ ಬ್ಯಾಡ. ಸಂದ್ಯಾಗ ಬಾ, ಜಲ್ದಿ!" ಅವ್ವ ಕಾಂಚನಾಳ ರಟ್ಟೆ ಹಿಡಿದು ಎಳೆದಳು.

ಕಾಂಚನಾಳ ಎರಡೂ ಕೈಯಲ್ಲಿ ಊರಿಗೆ ಹೊಸದಾಗಿ ಬಂದ ದೊಡ್ಡ ಮಾರ್ಟಿನ ಸಾಮಾನಿನ ಚೀಲಗಳು. ಸಂದಿಯೋ, ಥೂ, ಗಟಾರದ ನಾತ, ಹಂದಿಗಳ ಕಾಟ! ಆದರೂ ಈಚೆಗೆ ಅದೇ ದಾರಿ. ದೊಡ್ಡ ರಸ್ತೆಯಲ್ಲಿ ಮೋತಿಬಿ ಅಜ್ಜಿಯ ಕಿರಾಣಿ ಅಂಗಡಿ ಇತ್ತಲ್ಲ, ಈ ಚೀಲಗಳು ಅವಳ ಕಣ್ಣಿಗೆ ಬೀಳಬಾರದು. ಅಜ್ಜಿಯ ಮೊಮ್ಮಗಳು ಮಹೆಕ ಕಾಂಚನಾಳ ಜೀವದ ಗೆಳತಿ. ಬೆಟಗೇರಿಯ ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು.

"ಅವ್ವಾ, ಸಕ್ರಿ ಆದ್ರೂ ಅಜ್ಜಿ ಕಡೆ ತರೂಣಲ್ಲ?"

"ರೊಕ್ಕ ತುಂಬಿ ವರ್ಷದ ಕಾರ್ಡ ಮಾಡಿಸೇನಿ. ಮೆಂಬರ್ ಆದೋರಿಗಷ್ಟ ಕಡಿಮಿ ರೇಟು. ಬ್ಯಾರೆ ಕಡೆ ತಂದ್ರ ತುಂಬಿದ ರೊಕ್ಕ ದಂಡ ಆಗೂದಿಲ್ಲೇನು? ಕಾರ್ಡ ಮುಗೀಲಿ ತಡಿ, ಮತ್ತ ಅಜ್ಜಿ ಅಂಗಡೀಗೇ ಹೋಗೂಣು."

ಓಣಿಯ ಮನೆಮನೆಯಲ್ಲೂ ಇದೇ ಮಾತು. ಕಾರ್ಡು ಮಾಡಿಸಿದ ಮೇಲೆ ಒಂದು ಕಡ್ಡಿಪೆಟ್ಟಿಗೆಗೂ ಜನ ಮಾರ್ಟಿಗೇ ಓಡುತ್ತಿದ್ದರು. ಅದೇನು ಹುಚ್ಚೋ ಏನೋ!

ರಂಜಾನ್ ಹಬ್ಬದ ದಿನ ಮಹೆಕ ಬಂದಳು. ಪ್ರತಿ ವರ್ಷದ ಹಾಗೆ ಕೈಯಲ್ಲಿ ಸುರಕುಂಬಾದ ಡಬ್ಬಿ. ಹಾಲು, ಶ್ಯಾವಿಗೆ, ಖರ್ಜೂರ ಹಾಕಿ ಅಜ್ಜಿಯೇ ಕುದಿಸಿದ್ದು.

ಅಡುಗೆಮನೆಯಲ್ಲಿ ಮಾರ್ಟಿನ ಚೀಲಗಳು ಬಿದ್ದಿದ್ದವು. ಅವ್ವ ಗಡಬಡಿಸಿ ಅವುಗಳ ಮೇಲೆ ಕೌದಿ ಎಳೆದಳು. ಕಾಂಚನಾಳಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು.

"ಮುಚ್ಚಬ್ಯಾಡ್ರಿ ಕಾಕು," ಎಂದಳು ಮಹೆಕ. "ನಮ್ಮ ಅಜ್ಜಿಗೆ ಎಲ್ಲಾ ಗೊತ್ತೈತ್ರಿ. ನೀವು ಸಂದ್ಯಾಗ ಹೋಗೂದು ನಮ್ಮ ಮಾಳಿಗಿಂದ ಕಾಣತೈತಿ."

ಅವ್ವ ಕೌದಿ ಅಲ್ಲೇ ಬಿಟ್ಟು ಈಚೆ ಸರಿದಳು.

"ನಾಳೆ ಅಂಗಡಿ ಮುಚ್ಚತೀವ್ರಿ. ಯಾಪಾರನ ಇಲ್ಲ. ಮುಂಡರಗಿಗೆ ಕಾಕಾನ ಮನಿಗೆ ಹೊಂಟೀವಿ."

"ಅಯ್ಯ ಶಿವನ! ಇನ್ನೇನು ನಮ್ಮ ಕಾರ್ಡ ಮುಗ್ಯಾಕ ಬಂದಿತ್ತಲ್ಲವಾ! ಆಮ್ಯಾಲ ನಿಮ್ಮ ಅಂಗಡೀಗೇ ಬರೂರಿದ್ವಿ, ಖರೇನ!"

ಮಹೆಕ ಡಬ್ಬಿಯನ್ನು ಅವ್ವನ ಕೈಗಿಟ್ಟಳು.

"ಸಾಲಿ?" ಎಂದಳು ಕಾಂಚನಾ.

"ಅಲ್ಲೇ ಹೆಸರು ಹಚ್ಚತಾರಂತ."

ಅಷ್ಟೇ. ಮಹೆಕ ಹೊರಟುಹೋದಳು. ಸೋಮವಾರ ಬೆಂಚಿನಲ್ಲಿ ಮಹೆಕಳ ಜಾಗದಲ್ಲಿ ಬೇರೆ ಹುಡುಗಿ ಕೂತಿದ್ದಳು.

ಕಾರ್ಡಿನ ವರ್ಷ ಮುಗಿದಾಗ ಅವ್ವ, ಮಗಳು ಮಾರ್ಟಿನ ಕೌಂಟರಿನ ಮುಂದೆ ನಿಂತಿದ್ದರು.

"ರಿನ್ಯೂ ಮಾಡ್ಲೇನ್ರಿ?" ಎಂದಳು ಕೌಂಟರಿನ ಹುಡುಗಿ.

ಕಾಂಚನಾ ಅವ್ವನ ಸೆರಗು ಜಗ್ಗಿದಳು. "ಬ್ಯಾಡ ಅನ್ನವಾ. ಕಾರ್ಡ ಮುಗದ ಮ್ಯಾಲ ಬಿಡೂಣು ಅಂದಿದ್ದಿಯಲ್ಲ?"

ಅವ್ವ ಸಿಟ್ಟಾಗಲಿಲ್ಲ. ಮೆಲ್ಲಗೆ ಕೇಳಿದಳು, "ಬಿಟ್ಟು ಎಲ್ಲಿ ತರೂದು, ಹೇಳು? ಓಣ್ಯಾಗ ಯಾರ ಅಂಗಡಿ ಉಳದೈತಿ?"

ಕಾಂಚನಾ ಒಂದೊಂದೇ ಅಂಗಡಿ ನೆನೆಸಿಕೊಂಡಳು. ಎಲ್ಲದಕ್ಕೂ ಬೀಗ ಬಿದ್ದಿತ್ತು. ಆ ಬೀಗ ಹಾಕಿಸಿದವರಲ್ಲಿ ಅವ್ವನೂ ಇದ್ದಳು, ತಾನೂ ಇದ್ದಳು.

"ರಿನ್ಯೂ ಮಾಡಾಕ ಫೋನ್ ನಂಬರ್ ಹೇಳ್ರಿ," ಎಂದಳು ಹುಡುಗಿ.

ಅವ್ವನಿಗೆ ನಂಬರ್ ನೆನಪಿರುತ್ತಿರಲಿಲ್ಲ. ಅವಳು ಮಗಳ ಮುಖ ನೋಡಿದಳು.

ಕಾಂಚನಾ ಅವ್ವನ ಸೆರಗು ಕೈಬಿಟ್ಟಳು. ಆಮೇಲೆ ಸಣ್ಣ ದನಿಯಲ್ಲಿ ನಂಬರ್ ಹೇಳಿದಳು.